ಮುಚ್ಚಳದ ಮೇಲಿನ ಹೆಸರು

ಚಿಮ್ಮಡದ ಪದ್ಮವ್ವನ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇರಲಿಲ್ಲ. ಹೆಸರೆಂದರೆ ತಾಟು, ಚರಿಗೆ, ಗಂಗಾಳ ಎಂಬ ಹೆಸರಲ್ಲ, ಆಯೇರಿ ಮಾಡಿದವರ ಹೆಸರು. ಮದುವೆಗೋ ಹೊಸ ಮನೆಯ ಒಕ್ಕಲಿಗೋ ಕೊಡುವ ಉಡುಗೊರೆಗೆ ಆ ಕಡೆ ಆಯೇರಿ ಎನ್ನುತ್ತಾರೆ. ಪಾತ್ರೆ ಕೊಂಡವರು ಅಂಗಡಿಯಲ್ಲೇ ಅದರ ಮೇಲೆ ತಮ್ಮ ಹೆಸರು, ಊರು ಕೆತ್ತಿಸುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ದಾನಕ್ಕಾಯಿತು, ಆಯೇರಿಗಲ್ಲ. ಆಯೇರಿ ಊರಿಗೆಲ್ಲ ತಿಳಿಯಬೇಕು. ಹೀಗಾಗಿ ಪದ್ಮವ್ವನ ಮನೆಯಲ್ಲಿ "ದೊಡ್ಡ ತಾಟು ತಾ" ಎಂದು ಯಾರೂ ಹೇಳುವುದಿಲ್ಲ. "ಅಮಸಿದ್ದಪ್ಪನ ತಾಟು ತಾ" ಎನ್ನುತ್ತಾರೆ. ಅಮಸಿದ್ದಪ್ಪ ತೀರಿಹೋಗಿ ವರ್ಷಗಳಾದರೂ ಅವನ ತಾಟಿನಲ್ಲಿ ಊಟ ನಡೆದೇ ಇದೆ. ಸತ್ತ ಮೇಲೆ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ನೆನಪು ಬೇಕೆ?

ಪದ್ಮವ್ವ ಮುಧೋಳದ ಹತ್ತಿರದ ರನ್ನ ಬೆಳಗಲಿಯ ಕುರುಬರ ಮನೆಯ ಮಗಳು. ತಾಯಿ ಬೇಗ ಹೋದಳು. ತಂದೆ ಕುರಿಯ ಹಿಂದೆ ಬಿದ್ದವನು, ಮನೆಗಿಂತ ಮಾಳದಲ್ಲೇ ಹೆಚ್ಚು ಇದ್ದವನು. ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ತಲೆ ಬಾಚಿದವನು, ಸಾಲೆಗೆ ಹೋಗಲಾರೆ ಎಂದಾಗ ಎರಡು ಬಾರಿಸಿದವನು, ಆಮೇಲೆ ತಾನೇ ಅತ್ತವನು ಅಣ್ಣ ಮಾಳಪ್ಪ. ಚಿಮ್ಮಡದ ಸಿದರಾಯನಿಗೆ ಕೊಟ್ಟು ಮದುವೆ ಮಾಡಿದವನೂ ಅವನೇ. ಸಿದರಾಯ ಒಳ್ಳೆಯವನು, ಆದರೆ ಮಾತು ಕಡಿಮೆ. ಅವನ ಮಾತೆಲ್ಲ ಕುರಿಗಳೊಂದಿಗೆ ಖರ್ಚಾಗಿ ಮನೆಗೆ ಬರುವಾಗ ಬಾಯಿ ಬರಿದಾಗಿರುತ್ತಿತ್ತು. ಪದ್ಮವ್ವ ಮನೆ ನಡೆಸಿದ್ದು ತನ್ನ ಕೈಯಿಂದ. ಬನಹಟ್ಟಿಯ ಒಂದು ಖಾನಾವಳಿಗೆ ದಿನವೂ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಮಗ್ಗದ ಕೆಲಸಗಾರರು ರೊಟ್ಟಿ ಮುರಿದ ಕೂಡಲೇ "ಇವು ಚಿಮ್ಮಡದವು" ಎಂದು ಗುರುತಿಸುತ್ತಿದ್ದರಂತೆ. ರೊಟ್ಟಿ ಅಷ್ಟು ತೆಳ್ಳಗೆ, ಅಂಚು ಅಷ್ಟು ಗುಂಡಗೆ. ಆ ಮಾತು ಕೇಳಿದ ದಿನ ಅವಳು ಯಾರಿಗೂ ಹೇಳದೆ ಒಳಗೊಳಗೇ ಹಿಗ್ಗಿದ್ದಳು.

ಹೊಸ ಮನೆಯ ಒಕ್ಕಲಿಗೆ ಮಾಳಪ್ಪ ತಂದ ಆಯೇರಿ ಒಂದು ಕುಕ್ಕರು. ಎಲ್ಲರೂ ಸೀರೆ, ಕೊಡ ತಂದಾಗ ಅವನು ಅದನ್ನು ತಲೆಯ ಮೇಲೆ ಇಟ್ಟುಕೊಂಡು, ಡೊಳ್ಳಿನವರನ್ನು ಮುಂದೆ ಬಿಟ್ಟುಕೊಂಡು ಓಣಿಯಲ್ಲಿ ನಡೆದು ಬಂದ. ಎಲ್ಲರ ಹೆಸರು ಪಾತ್ರೆಯ ಹೊಟ್ಟೆಯ ಮೇಲಿದ್ದರೆ ಅವನ ಹೆಸರು ಮುಚ್ಚಳದ ಮೇಲಿತ್ತು. ಹೊಟ್ಟೆಯ ಮೇಲಿನದು ಮಸಿಯಾಗಿ ಹೋಗುತ್ತದೆ, ಮುಚ್ಚಳದ ಮೇಲಿನದು ಕಣ್ಣಿಗೆ ಹೊಡೆಯುತ್ತದೆ ಎಂಬುದು ಅವನ ಲೆಕ್ಕ. "ತಂಗಿ ಪದ್ಮವ್ವಗ ಅಣ್ಣ ಮಾಳಪ್ಪನ ಆಯೇರಿ, ರನ್ನ ಬೆಳಗಲಿ" ಎಂದು ಸೀಟಿಯ ಸುತ್ತಲೂ ಬಳಸಿ ಬರೆಸಿದ್ದ. ಅಕ್ಷರಗಳು ಎಷ್ಟು ದೊಡ್ಡವೆಂದರೆ ಮೂಲೆಯಲ್ಲಿದ್ದ ಕಂಪನಿಯ ಹೆಸರು ಹೆದರಿ ಕುಳಿತಂತೆ ಕಾಣುತ್ತಿತ್ತು.

ಪದ್ಮವ್ವನಿಗೆ ಕುಕ್ಕರು ಎಂದರೆ ಮೊದಲಿಗೆ ಭಯ. ಬೇಳೆ ಬೇಯಿಸಲು ಅವಳಿಗೆ ಗಡಿಗೆಯೇ ಸಾಕಿತ್ತು. ಬನಹಟ್ಟಿಯ ಅರಿವೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಗಳು ರಂಜನಾ ಪಕ್ಕಕ್ಕೆ ನಿಂತು ಕಲಿಸಿದಳು. ನೀರು ಇಷ್ಟು, ಬೇಳೆ ಇಷ್ಟು, ಮೂರು ಸೀಟಿ, ಆಮೇಲೆ ಒಲೆ ಆರಿಸು. ಕಲಿತ ಮೇಲೆ ಅವಳಿಗೇ ರುಚಿ ಹತ್ತಿತು. ಸೀಟಿ ಹೊಡೆದಾಗಲೆಲ್ಲ "ನಮ್ಮಣ್ಣ ಕರಿಯಾಕತ್ತಾನ" ಎಂದು ನಗುತ್ತಿದ್ದಳು.

ಒಂದು ಮುಂಜಾನೆ ಅದು ಸಿಡಿಯಿತು. ಸೀಟಿ ಹೊಡೆಯಿತೋ ಇಲ್ಲವೋ ಅವಳಿಗೆ ಇವತ್ತಿಗೂ ನೆನಪಿಲ್ಲ. ರೊಟ್ಟಿಯ ಹಿಟ್ಟು ಕಲಸುತ್ತ ಕುಳಿತಿದ್ದಳು, ಒಲೆಯ ಕಡೆಗೆ ಕೈ ಚಾಚಿದಳು, ಅಷ್ಟೇ. ಮುಚ್ಚಳ ಎರಡು ಹೋಳಾಗಿ, ಒಂದು ಹೋಳು ಅವಳ ಬಲಗೈಗೆ ಬಡಿದು ಗೋಡೆಗೆ ಹೋಯಿತು. ಬಿಸಿ ಬೇಳೆ ಮೊಣಕೈವರೆಗೆ ಸುಟ್ಟಿತು. ಜಮಖಂಡಿಯ ದವಾಖಾನೆಯಲ್ಲಿ ಗಾಯ ಮಾಯ್ದರೂ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಅಂಗೈ ಕಡೆಗೆ ಮಡಚಿಕೊಂಡು ಅಲ್ಲೇ ಉಳಿದವು. ಆ ಕೈಯಿಂದ ರೊಟ್ಟಿ ಬಡಿದರೆ ರೊಟ್ಟಿಯ ನಡುವೆ ಗುಳಿ ಬೀಳುತ್ತಿತ್ತು. ಖಾನಾವಳಿಯವರು ನಾಲ್ಕು ದಿನ ತಾಳಿದರು, ಆಮೇಲೆ ಬೇರೆಯವರನ್ನು ನೋಡಿಕೊಂಡರು. ಅವರದೇನೂ ತಪ್ಪಿಲ್ಲ, ಆದರೆ ಪದ್ಮವ್ವ ಅಂದು ಹಿಟ್ಟಿನ ಪರಾತದ ಮುಂದೆ ಕುಳಿತು ಅತ್ತಳು.

ರಕ್ತ ಕಂಡ ಸಾಮಾನು ಮನೆಯಲ್ಲಿರಬಾರದು, ಹಳ್ಳಕ್ಕೆ ಎಸೆದು ಬರುತ್ತೇನೆ ಎಂದ ಸಿದರಾಯ. ಅಪರೂಪಕ್ಕೆ ಅವನು ಬಾಯಿ ಬಿಟ್ಟರೂ ಪದ್ಮವ್ವ ಒಪ್ಪಲಿಲ್ಲ.

"ಅಣ್ಣನ ಹೆಸರ ಐತಿ ಅದರಾಗ. ಹಳ್ಳಕ್ಕ ಒಗಿತೀರೇನ? ದನಾ ತುಳೀಬೇಕೇನ ಅದನ್ನ?"

ಎರಡು ಹೋಳುಗಳನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಜೋಳದ ಚೀಲದ ಹಿಂದೆ ಇಟ್ಟಳು. ಆಮೇಲೆ ವಕೀಲರು ಅದನ್ನು ನೋಡಿ, "ಪುರಾವೆ ಇಷ್ಟ ಛಲೋ ಕಾಯ್ದವ್ರನ್ನ ನಾ ನೋಡಿಲ್ರಿ" ಎಂದು ಹೊಗಳಿದರು. ಪುರಾವೆ ಎಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕಾಯ್ದದ್ದು ಹೆಸರನ್ನು.

ಆ ವಕೀಲರು ಜಮಖಂಡಿಯ ರಾಜಶ್ರೀ. ಇನ್ನೂ ಚಿಕ್ಕ ವಯಸ್ಸು, ಮಾತು ಚುರುಕು, ಸ್ಕೂಟಿಯ ಮೇಲೆ ಓಡಾಟ. ರಬಕವಿಯಲ್ಲಿ ನಡೆದ ಕಾನೂನು ನೆರವಿನ ಶಿಬಿರದಲ್ಲಿ ಅವರ ಭಾಷಣ ಕೇಳಿ ರಂಜನಾ ತಾಯಿಯನ್ನು ಕರೆದುಕೊಂಡು ಹೋದಳು. ದೋಷವಿದ್ದ ಸಾಮಾನಿನಿಂದ ಗಾಯವಾದರೆ ಮಾಡಿದ ಕಂಪನಿಯಿಂದಲೂ ಮಾರಿದ ಅಂಗಡಿಯಿಂದಲೂ ಪರಿಹಾರ ಕೇಳಬಹುದು ಎಂದು ರಾಜಶ್ರೀ ಹೇಳಿದರು. ಆಯೇರಿ ಬಂದ ಸಾಮಾನಾದರೂ ಪರವಾಗಿಲ್ಲ, ಕೊಂಡವನ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ ಎಂದರು. ಪದ್ಮವ್ವ ಎಲ್ಲದಕ್ಕೂ "ಹೂನ್ರಿ" ಎಂದಳು. ತಿಳಿದರೂ ಹೂನ್ರಿ, ತಿಳಿಯದಿದ್ದರೂ ಹೂನ್ರಿ. ಓದಿದವರ ಎದುರು "ತಿಳೀಲಿಲ್ಲ" ಎನ್ನುವುದು ಅವರಿಗೆ ಅವಮಾನ ಮಾಡಿದಂತೆ ಎಂದು ಅವಳ ನಂಬಿಕೆ.

"ಹೆಸರ ಅಂಗಡಿಯವ್ರ ಹಾಕಿಕೊಟ್ಟಾರ, ಹೌದಿಲ್ರಿ?" ಎಂದು ರಾಜಶ್ರೀ ಕೇಳಿದಾಗಲೂ ಅವಳು "ಹೂನ್ರಿ" ಎಂದಿದ್ದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳನ್ನು ಕೇಳಿದಳು. "ಕೇಸ ಯಾರ ಮ್ಯಾಲ ಹಾಕ್ಯಾರವಾ?"

"ಕಂಪನಿ ಮ್ಯಾಲ, ಅಂಗಡಿ ಮ್ಯಾಲ."

"ಕಂಪನಿ ಹೆಸರ ಬೊಟ್ಟಿನಷ್ಟ ಐತಿ. ನಿಮ್ಮ ಮಾಮನ ಹೆಸರ ಮುಚ್ಚಳ ತುಂಬ ಐತಿ. ಕೋರ್ಟಿನ್ಯಾವ್ರು ಯಾವುದನ್ನ ಓದತಾರು?"

ರಂಜನಾ ನಕ್ಕುಬಿಟ್ಟಳು. ಅದು ನಗುವ ಮಾತಾಗಿರಲಿಲ್ಲ. ಪದ್ಮವ್ವ ಮತ್ತೆ ಕೇಳಲಿಲ್ಲ.

ಊರ ಬಾಯಿ ಮುಚ್ಚಲು ಯಾರಿಂದ ಆದೀತು? "ಅಣ್ಣನ ಕುಕ್ಕರ ತಂಗಿ ಕೈ ತಿಂತು" ಎಂಬ ಮಾತು ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಬಸ್ಸು ಹತ್ತಿ ಬೆಳಗಲಿಗೆ ಹೋಯಿತು. ತಂಗಿ ಕೋರ್ಟಿಗೆ ಹೋಗಿದ್ದಾಳೆ ಎಂಬುದೂ ಹೋಯಿತು. ಗಾಯವಾದ ಹೊಸದರಲ್ಲಿ ಮಾಳಪ್ಪ ದವಾಖಾನೆಯ ಬಾಗಿಲವರೆಗೆ ಬಂದು, ಬ್ಯಾಂಡೇಜು ನೋಡಿ, ಒಳಗೆ ಬಾರದೆ ಹಿಂತಿರುಗಿದ್ದ. ಆಮೇಲೆ ಪತ್ತೆ ಇಲ್ಲ. ಫೋನು ಮಾಡಿದರೆ ಅತ್ತಿಗೆ ತಾಯವ್ವ ಎತ್ತುತ್ತಿದ್ದಳು. "ಹೊಲಕ್ಕ ಹೋಗ್ಯಾರ ಯವ್ವಾ" ಎನ್ನುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಮಾಡಿದರೂ ಹೊಲವೇ.

ಇದೇ ಹೊತ್ತಿಗೆ ಕಂಪನಿಯ ಉತ್ತರ ಬಂತು. ರಾಜಶ್ರೀ ಫೋನಿನಲ್ಲಿ ವಿವರಿಸಿದರು. ಕುಕ್ಕರಿನಲ್ಲಿ ದೋಷವಿರಲಿಲ್ಲವಂತೆ, ಮುಚ್ಚಳದ ಮೇಲೆ ಮಷಿನ್ನಿನಿಂದ ಹೆಸರು ಕೆತ್ತಿದ್ದಕ್ಕೆ ಅದು ತೆಳುವಾಗಿ ಸೀಳಿತಂತೆ, ಹಾಗಾಗಿ ಹೊಣೆ ಕಂಪನಿಯದಲ್ಲ, ಹೆಸರು ಕೆತ್ತಿದವರದು. ರಾಜಶ್ರೀ ಮುಂದೆ ಇನ್ನೂ ಏನೇನೋ ಹೇಳಿದರು, ಹೆದರಬೇಡಿ, ಇದರಿಂದ ನಮಗೇ ಅನುಕೂಲ ಎಂದರು. ಪದ್ಮವ್ವನ ಕಿವಿ ಮೊದಲಿನದರಲ್ಲೇ ಕಟ್ಟಿತು. ಹೆಸರು ಕೆತ್ತಿಸಿದವನು ಅಣ್ಣ. ಹಾಗಾದರೆ ಹೊಣೆ ಅಣ್ಣನದು. ಹಾಗಾದರೆ ಪೊಲೀಸರು ಬೆಳಗಲಿಗೆ ಹೋಗುತ್ತಾರೆ. "ಹೂನ್ರಿ" ಎಂದು ಫೋನಿಟ್ಟಳು.

ನಾಗರ ಪಂಚಮಿ ಬಂತು. ಆ ಸೀಮೆಯಲ್ಲಿ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ಹಬ್ಬದ ಹೂರಣ. ಹುರಿದ ಜೋಳದ ಅಳ್ಳು, ಉಂಡಿ, ಜೋಕಾಲಿ ಎಲ್ಲ ಆಮೇಲಿನವು. ಮಾಳಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಜ್ವರ ಬಂದ ವರ್ಷ ಕಂಬಳಿ ಹೊದ್ದುಕೊಂಡೇ ಬಂದಿದ್ದ. ಈ ಸಲ ಪದ್ಮವ್ವ ಸೀರೆ ಮಡಚಿ ಚೀಲದಲ್ಲಿ ಇಟ್ಟು, ಮೋಟಾರುಸೈಕಲ್ಲಿನ ಸಪ್ಪಳಕ್ಕೆಲ್ಲ ಬಾಗಿಲಿಗೆ ಹೋಗಿ ಬಂದಳು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದರು. ಹಬ್ಬ ಕಳೆದ ಮೇಲೆ ಚೀಲದಿಂದ ಸೀರೆ ತೆಗೆದು ಗಳಕ್ಕೆ ಹಾಕಿದಳು. ಕೈ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು ಎಂದು ಅವಳು ಆಮೇಲೆ ರಂಜನಾಳಿಗೆ ಹೇಳಿದ್ದುಂಟು.

"ಕೇಸ ಬಿಡವಾ," ಎಂದಳು ಮಗಳಿಗೆ.

"ಯಾಕಬೇ? ನಿನ್ನ ಕೈ?"

"ಕೈ ಹೋದ್ರ ಹೋಗ್ಲಿ. ತವರ ಹೋದ್ರ?"

"ಮಾಮಗೂ ಕೇಸಿಗೂ ಏನ ಸಂಬಂಧ? ನಿನಗೇನ ಹುಚ್ಚ?"

ರಂಜನಾಳಿಗೆ ಕಾನೂನು ಗೊತ್ತಿತ್ತು, ತಾಯಿಯ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ಗೊತ್ತಿರಲಿಲ್ಲ. ಪದ್ಮವ್ವನೂ ಬಿಡಿಸಿ ಹೇಳಲಿಲ್ಲ, ಹೇಳಿದರೆ ಅಣ್ಣನ ತಪ್ಪು ಬಾಯಿ ಬಿಟ್ಟು ಆಡಿದಂತಾಗುತ್ತದೆ ಎಂಬ ಅಂಜಿಕೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಹೀಗೆ ಒಬ್ಬರಿಗೊಬ್ಬರು ಅರ್ಥವಾಗದೆ ದಿನ ತಳ್ಳಿದರು, ಕೇಸು ತನ್ನ ಪಾಡಿಗೆ ನಡೆಯಿತು.

ಬಾಗಲಕೋಟೆಯ ಗ್ರಾಹಕರ ಆಯೋಗದ ಮುಂದೆ ಪದ್ಮವ್ವ ನಿಂತ ದಿನ ಅವಳು ಅಲ್ಲಿ ಹುಡುಕಿದ್ದು ಕಟಕಟೆಯನ್ನು. ಇರಲಿಲ್ಲ. ಕರಿ ಕೋಟಿನವರು ನಾಲ್ಕು ಜನ, ಫ್ಯಾನು, ಮೇಜಿನ ಹಿಂದೆ ಕನ್ನಡಕದ ಹಿರಿಯರೊಬ್ಬರು. ಅವರೇ ಅಧ್ಯಕ್ಷರು ಎಂದು ರಾಜಶ್ರೀ ಪಿಸುಗುಟ್ಟಿದರು. ಸತ್ಯವನ್ನೇ ಹೇಳುತ್ತೇನೆ ಎಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಪದ್ಮವ್ವ ಸುತ್ತ ನೋಡಿದಳು. ಬೀರಪ್ಪನ ಭಂಡಾರ ಎಲ್ಲೂ ಕಾಣಲಿಲ್ಲ. ಅವಳ ಮಂದಿಯಲ್ಲಿ ಆಣೆ ಎಂದರೆ ಬೀರಪ್ಪನ ಗುಡಿಯ ಅರಿಷಿಣದ ಭಂಡಾರವನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು ಆಡುವ ಮಾತು. ಭಂಡಾರ ಮುಟ್ಟಿ ಸುಳ್ಳಾಡಿದವರ ಮನೆ ಉದ್ಧಾರವಾದ ಉದಾಹರಣೆ ಇಲ್ಲ. ಇಲ್ಲಿ ಭಂಡಾರವೇ ಇಲ್ಲ, ಬರೀ ಬಾಯಿಮಾತು. ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು.

ಕಂಪನಿಯ ವಕೀಲರು ಎದ್ದರು. ನಯವಾದ ಮನುಷ್ಯ.

"ಕುಕ್ಕರಿನ ಮುಚ್ಚಳದ ಮೇಲೆ ಹೆಸರಿದೆಯಲ್ಲ, ಅದನ್ನು ಯಾರು ಕೆತ್ತಿಸಿದರು?"

ಪದ್ಮವ್ವ ರಾಜಶ್ರೀಯ ಕಡೆ ನೋಡಲಿಲ್ಲ. ನೋಡಿದರೆ ಧೈರ್ಯ ಹೋಗುತ್ತಿತ್ತು.

"ನಾನ ಕೆತ್ತಿಸೇನ್ರಿ."

"ನೀವೇ? ಅದರಲ್ಲಿ 'ಅಣ್ಣ ಮಾಳಪ್ಪನ ಆಯೇರಿ' ಎಂದಿದೆ."

"ಅಣ್ಣ ಬರೇ ಕುಕ್ಕರ ಕೊಟ್ಟ ಹೋಗ್ಯಾನ್ರಿ. ಹೆಸರ ನಾನ ಹಾಕಿಸೇನಿ. ಸಂತ್ಯಾಗ ಮಷಿನ್ ಹಿಡಕೊಂಡ ಒಬ್ಬಾಂವ ಕುಂತಿದ್ದಾರಿ, ಅವನ ಕಡಿ."

ಕಂಪನಿಯ ವಕೀಲರು ನಕ್ಕರು. ಅಂಗಡಿಯ ಪರವಾಗಿ ಬಂದವರು ಇನ್ನೂ ಅಗಲವಾಗಿ ನಕ್ಕರು. ರಾಜಶ್ರೀ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಆ ಇಬ್ಬರೂ ನಕ್ಕದ್ದು ನೋಡಿ ಪದ್ಮವ್ವನಿಗೆ ಕೆಲಸ ಛಲೋ ಆಯಿತೋ ಕೆಟ್ಟಿತೋ ತಿಳಿಯಲಿಲ್ಲ. ಅವಳೂ ಸ್ವಲ್ಪ ನಕ್ಕಳು.

ಹೊರಗೆ ಬೇವಿನ ಗಿಡದ ಕೆಳಗೆ ರಾಜಶ್ರೀ ನಿಂತರು. ಬಾಟಲಿಯ ನೀರು ಅರ್ಧ ಕುಡಿದರು. ಆಮೇಲೆ ಒಮ್ಮೆಲೇ ಹರಿಹಾಯ್ದರು.

"ಏನ ಮಾಡಿದ್ರಿ ಪದ್ಮವ್ವಾರ? ಅಂಗಡಿಯವ್ರ ಹಾಕ್ಯಾರ ಅಂತ ಹೇಳಿದ್ರಲ್ಲ ನನ್ನ ಮುಂದ?"

"ಹೂನ್ರಿ ಅಂದಿದ್ದೆ ಅಷ್ಟರಿ."

"ಹೂನ್ರಿ ಅಂದ್ರ ಏನರಿ ಅರ್ಥ?"

ಪದ್ಮವ್ವ ತಲೆ ತಗ್ಗಿಸಿದಳು. ರಾಜಶ್ರೀ ಕಟ್ಟೆಯ ಮೇಲೆ ಕುಳಿತು, ಅವಳನ್ನೂ ಕೂರಿಸಿಕೊಂಡು, ಈ ಸಲ ಸಣ್ಣ ಹುಡುಗರಿಗೆ ಹೇಳುವ ಹಾಗೆ ಹೇಳಿದರು. ಮಾರುವವರೇ ಹೆಸರು ಕೆತ್ತಿ ಕೊಟ್ಟಿದ್ದರೆ ಹೊಣೆ ಮಾರಿದವರದು. ಒಲೆಯ ಮೇಲೆ ಒತ್ತಡ ತಡೆಯಬೇಕಾದ ಮುಚ್ಚಳವನ್ನು ಕೊರೆಯಬಾರದು ಎಂದು ತಿಳಿದಿರಬೇಕಾದವರು ಅವರು. ಕೊರೆಯಬೇಡಿ ಎಂದು ಕುಕ್ಕರಿನ ಜೊತೆಯ ಪುಸ್ತಕದಲ್ಲಿ ಎಲ್ಲೂ ಹೇಳದಿದ್ದರೆ, ಉಗಿ ಬಿಡಬೇಕಾದ ವಾಲ್ವು ಬಿಡದಿದ್ದರೆ, ಹೊಣೆ ಕಂಪನಿಯದೂ ಹೌದು. ಆದರೆ ತಾನೇ ಹೊರಗೆ ಯಾರಿಂದಲೋ ಕೆತ್ತಿಸಿದೆ ಎಂದರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

"ಮತ್ತ ಅಣ್ಣಗ?"

"ಅಣ್ಣಗೇನರಿ? ಅವ್ರು ಗಿರಾಕಿ. ಹೆಸರ ಹಾಕಿಕೊಡ್ರಿ ಅನ್ನೂದು ತಪ್ಪಲ್ಲ. ಅವರ ಮ್ಯಾಲ ಕೇಸ ಇಲ್ಲ, ಬರೂದೂ ಇಲ್ಲ."

"ಪೊಲೀಸರ ಬರೂದಿಲ್ಲೇನ್ರಿ?"

"ಯಾವ ಪೊಲೀಸರು?" ಎಂದರು ರಾಜಶ್ರೀ. ಅವರ ಮುಖದಲ್ಲಿದ್ದ ಸಿಟ್ಟು ಹೋಗಿ ಬೇರೆ ಏನೋ ಬಂತು. ಈ ಹೆಂಗಸು ಇಷ್ಟು ತಿಂಗಳು ಏನನ್ನು ಹೊತ್ತು ತಿರುಗಿದ್ದಾಳೆ ಎಂಬುದು ಅವರಿಗೆ ಆಗಲೇ ಹೊಳೆದದ್ದು. "ನಂದೂ ತಪ್ಪೈತಿ. ನಾ ಗಡಬಡಿ ಮಾಡಿ ಹೇಳೇನಿ. ಈಗ ಒಂದ ದಾರಿ ಐತಿ. ನಿಮ್ಮಣ್ಣ ಬಂದು ಖರೇ ಏನೈತಿ ಅದನ್ನ ಹೇಳಬೇಕು. ನೀವೂ ಹೇಳಿದ್ದು ಸುಳ್ಳಂತ ಒಪ್ಪಬೇಕು."

ಬಸ್ಸಿನುದ್ದಕ್ಕೂ ಪದ್ಮವ್ವನ ತಲೆ ಗಾಣದಂತೆ ತಿರುಗಿತು. ಅಣ್ಣನನ್ನು ಉಳಿಸಲು ಸುಳ್ಳಾಡಿದೆ, ಅಣ್ಣನಿಗೆ ಏನೂ ಆಗುವುದೇ ಇರಲಿಲ್ಲವಂತೆ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿದೆ. ಏನೂ ಆಗದಿದ್ದರೆ ಅಣ್ಣ ಪಂಚಮಿಗೆ ಯಾಕೆ ಬರಲಿಲ್ಲ? ಸಿಟ್ಟು ಯಾವುದರ ಮೇಲೆ? ಒಂದು ಗಂಟು ಬಿಚ್ಚಿದರೆ ಹತ್ತು ಗಂಟು ಬೀಳುತ್ತಿದ್ದವು.

ಕರೆಯದೆ ತವರಿಗೆ ಹೋಗಬಾರದು ಎಂಬ ಮಾತನ್ನು ಮುರಿದು ಅವಳು ಬೆಳಗಲಿಗೆ ಹೋದಳು. ಮಾಳಪ್ಪ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ತಂಗಿಯನ್ನು ಕಂಡು ಎದ್ದ. ಅವನ ಕಣ್ಣು ನೇರವಾಗಿ ಕೈಗೆ ಹೋಯಿತು. ಬ್ಯಾಂಡೇಜಿಲ್ಲದ ಆ ಕೈಯನ್ನು ಅವನು ನೋಡಿದ್ದು ಅದೇ ಮೊದಲು. ಮಡಚಿದ ಎರಡು ಬೆರಳು, ಸುಟ್ಟು ಬೆಳ್ಳಗಾದ ಚರ್ಮ. ಮರಿಯನ್ನು ಕೆಳಗಿಟ್ಟು, ಬೆನ್ನು ತಿರುಗಿಸಿ, ಹಟ್ಟಿಯ ಕಡೆ ನಡೆದುಬಿಟ್ಟ.

ಪದ್ಮವ್ವ ಹಿಂದೆಯೇ ಹೋದಳು.

"ಯಣ್ಣಾ, ಮಾರಿ ತೋರಿಸಬಾರದಂಥಾದ್ದ ನಾ ಏನ ಮಾಡೇನಿ?"

"ನೀ ಏನೂ ಮಾಡಿಲ್ಲ," ಎಂದ ಮಾಳಪ್ಪ ಗೋಡೆಗೆ ಮುಖ ಮಾಡಿ. "ಮಾಡಿದಾಂವ ನಾನು. ಅಂಗಡ್ಯಾಂವ ಸಂತ್ಯಾಗ ಭೆಟ್ಟಿ ಆಗಿದ್ದ. 'ನೀ ಅಷ್ಟ ದೊಡ್ಡದಾಗಿ ಹೆಸರ ಹಾಕಿಸಿದಿ ಅಂತನ ಒಡೀತೋ ಮಾಳಪ್ಪ, ನಿನ್ನ ಹೆಸರ ತಂಗಿ ಕೈ ತಿಂತು' ಅಂದ. ಹೌದಲ್ಲ? ಮಂದಿ ನೋಡ್ಲಿ ಅಂತ ಹಾಕಿಸಿದೆ. ಮಂದಿ ನೋಡಿದ್ರು. ಯಾವ ಮಾರೀಲೆ ಪಂಚಮಿಗಿ ಬರ್ಲಿ ನಾ?"

ಪದ್ಮವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಣ್ಣ ಸಿಟ್ಟಾಗಿದ್ದಾನೆ ಎಂದು ಅವಳು, ತಂಗಿ ಸಿಟ್ಟಾಗಿದ್ದಾಳೆ ಎಂದು ಅವನು. ನಡುವೆ ಸಂತೆಯಲ್ಲಿ ನಿಂತು ಅಂಗಡಿಯವನು ಆಡಿದ ಒಂದು ಮಾತು. ಅವನಿಗೆ ಅದರಿಂದ ಎಷ್ಟು ಲಾಭ ಎಂಬುದು ಈ ಇಬ್ಬರಿಗೂ ಹೊಳೆದಿರಲಿಲ್ಲ. ಮುಗ್ಧರೆನ್ನಿ, ದಡ್ಡರೆನ್ನಿ, ಆ ಮನೆಯವರು ಹಾಗೆಯೇ.

ಅವಳು ಬಾಗಲಕೋಟೆಯಲ್ಲಿ ಆದದ್ದನ್ನೆಲ್ಲ ಹೇಳಿದಳು. ಬಂದು ಖರೇ ಮಾತು ಹೇಳು ಎಂದಳು. ಮಾಳಪ್ಪ ಗಾಬರಿಯಾದ.

"ನಾ ಬಂದ ಖರೇ ಹೇಳಿದ್ರ ನೀ ಸುಳ್ಳ ಹೇಳಿದಂಗ ಆತಲ್ಲೇ! ನಾಕ ಮಂದ್ಯಾಗ ತಂಗಿನ ಸುಳ್ಳಾಕಿ ಮಾಡ್ಲೇನ? ಜೇಲಿಗಿ ಹಾಕಿದ್ರ?"

"ವಕೀಲ್ರು ಏನೂ ಆಗೂದಿಲ್ಲ ಅಂದಾರ."

"ಅವ್ರು ಅಂತಾರ. ಭಂಡಾರ ಮುಟ್ಟಿದ್ದೇನು?"

"ಇಲ್ಲಣ್ಣಾ. ಇಟ್ಟಿರಲೇ ಇಲ್ಲ ಅವ್ರು."

ಮಾಳಪ್ಪ ಉಸಿರು ಬಿಟ್ಟ. "ಬೀರಪ್ಪ ಉಳಿಸಿದ," ಎಂದ. ಆದರೂ ಬರುತ್ತೇನೆ ಎನ್ನಲಿಲ್ಲ. ತಂಗಿ ತನಗಾಗಿ ಸುಳ್ಳು ಹೇಳಿದ್ದಾಳೆ, ಅದನ್ನು ತಾನೇ ಬಯಲು ಮಾಡುವುದು ಯಾವ ನ್ಯಾಯ? ಹೋಗದಿದ್ದರೆ ಅವಳ ಕೈಗೆ ನ್ಯಾಯವಿಲ್ಲ. ಅತ್ತ ದರಿ, ಇತ್ತ ಪುಲಿ. ತಾಯವ್ವ ಚಹಾ ತಂದಿಟ್ಟಳು. ಅದು ಆರಿ ತಣ್ಣಗಾಯಿತು. ಪದ್ಮವ್ವ ಉತ್ತರ ಇಲ್ಲದೆಯೇ ಚಿಮ್ಮಡಕ್ಕೆ ಹಿಂತಿರುಗಿದಳು. ಇರು ಎಂದು ಅವನು ಅನ್ನಲಿಲ್ಲ, ಇರುತ್ತೇನೆ ಎಂದು ಇವಳೂ ಅನ್ನಲಿಲ್ಲ.

ಮುಂದಿನ ತಾರೀಖಿಗೆ ಅವಳು ರಂಜನಾಳೊಂದಿಗೆ ಬಾಗಲಕೋಟೆಗೆ ಹೋದಾಗ ಆಯೋಗದ ಮೆಟ್ಟಿಲ ಮೇಲೆ ಮಾಳಪ್ಪ ಕುಳಿತಿದ್ದ. ಒಗೆದ ಧೋತರ, ಹೆಗಲ ಮೇಲೆ ಹೊಸ ಟವೆಲ್, ಹಣೆಯ ತುಂಬ ಭಂಡಾರ. ಬೆಳಕು ಹರಿಯುವ ಮೊದಲೇ ಬೀರಪ್ಪನ ಗುಡಿಗೆ ಹೋಗಿ ಬಂದಿದ್ದ. ಆಯೋಗದವರು ಭಂಡಾರ ಇಡದಿದ್ದರೇನಾಯಿತು, ತಾನೇ ಹಚ್ಚಿಕೊಂಡು ಬಂದಿದ್ದ. ತಂಗಿಯ ಕಡೆ ನೋಡಲಿಲ್ಲ.

ಒಳಗೆ ಅವನ ದನಿ ಜೋರಾಗಿತ್ತು, ಮಾಳದಲ್ಲಿ ಕುರಿಗಳನ್ನು ಕೂಗಿ ಕರೆದಂತೆ. ಕುಕ್ಕರು ಎಲ್ಲಿ ಕೊಂಡದ್ದೆಂದು ಹೇಳಿದ. ಹೆಸರು ಹಾಕಿದ್ದು ಯಾರೆಂದು ಕೇಳಿದರು.

"ಅಂಗಡ್ಯಾವ್ರ ಹಾಕ್ಯಾರ್ರಿ ಸಾಹೇಬ್ರ. ಅಲ್ಲೇ ಮಷಿನ್ ಇಟ್ಟಾರ. ಎಲ್ಲಿ ಹಾಕ್ಲಿ ಅಂದ್ರು. ಮುಚ್ಚಳದ ಮ್ಯಾಲ ಹಾಕ್ರಿ, ದೊಡ್ಡದಾಗಿ ಹಾಕ್ರಿ ಅಂದೆ. ಹಾಕಬಾರದು ಅಂತ ಒಬ್ಬರೂ ಅನಲಿಲ್ಲ. ಅಂದಿದ್ರ ನಾ ಹುಚ್ಚ ಅದೀನೇನ್ರಿ, ಹಾಕಸಾಕ? ನನ್ನ ತಂಗಿ ಕೈಗಿಂತ ನನ್ನ ಹೆಸರ ದೊಡ್ಡದಲ್ರಿ."

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದರೆ ನಿಮ್ಮ ತಂಗಿ ಅಂದು ಹೇಳಿದ್ದು ಸುಳ್ಳೇ?"

ಮಾಳಪ್ಪನ ಬಾಯಿ ಕಟ್ಟಿತು. ಗುಡಿಯಿಂದ ಹೊತ್ತು ತಂದ ಧೈರ್ಯವೆಲ್ಲ ಆ ಒಂದು ಪ್ರಶ್ನೆಗೆ ಮುಗಿದುಹೋಯಿತು. ಹಣೆಯ ಬೆವರಿಗೆ ಭಂಡಾರ ಕರಗಿ ಹುಬ್ಬಿಗೆ ಇಳಿಯಿತು. ಹಿಂದೆ ಕುಳಿತಿದ್ದ ಪದ್ಮವ್ವನಿಗೆ ಅದನ್ನು ನೋಡಲಾಗಲಿಲ್ಲ. ಯಾರೂ ಕರೆಯದಿದ್ದರೂ ಎದ್ದು ನಿಂತಳು.

"ನಾ ಹೇಳಿದ್ದು ಸುಳ್ಳರಿ ಸಾಹೇಬ್ರ. ಹೆಸರ ಹಾಕಿಸಿದವ್ರ ತಪ್ಪು ಅಂತ ಕಂಪನಿಯವ್ರು ಅಂದಿದ್ರು. ಅಣ್ಣನ ಮ್ಯಾಲ ಬರತೈತಿ ಅಂತ ತಿಳಕೊಂಡೆ. ಕೈ ಒಂದ ಹೋಗಿತ್ತು, ಅಣ್ಣನೂ ಹೋದ್ರ ಹ್ಯಾಂಗರಿ? ನನಗ ಕಾಯ್ದೆ ತಿಳೀಲಿಲ್ರಿ."

ಜೀವನದಲ್ಲಿ ಮೊದಲ ಸಲ ಅವಳು ಓದಿದವರ ಎದುರು "ತಿಳೀಲಿಲ್ಲ" ಎಂದಿದ್ದಳು. ಕಂಪನಿಯ ವಕೀಲರು ಏನೋ ಹೇಳಲು ಎದ್ದರು, ಅಧ್ಯಕ್ಷರು ಕೈ ಮಾಡಿ ಕೂರಿಸಿದರು. ಪ್ರಮಾಣ ಮಾಡಿ ಸುಳ್ಳು ಹೇಳುವುದು ದೊಡ್ಡ ತಪ್ಪು, ಇನ್ನೊಮ್ಮೆ ಹಾಗೆ ಮಾಡಬಾರದು ಎಂದು ಪದ್ಮವ್ವನಿಗೆ ಗದರಿದರು. ಅವಳು ಎರಡೂ ಕೈ ಜೋಡಿಸಿದಳು. ಬಲಗೈ ಪೂರ್ತಿ ಕೂಡಲಿಲ್ಲ. ಅವರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಏನೋ ಬರೆದುಕೊಂಡರು.

ಆದೇಶ ಬರಲು ಮತ್ತೆ ತಿಂಗಳುಗಳೇ ಹಿಡಿದವು. ಓದುವವರನ್ನು ಕಾಯಿಸುವುದು ಬೇಡ, ಈಗಲೇ ಹೇಳಿಬಿಡುವುದು ಲೇಸು. ಪರೀಕ್ಷೆಗೆ ಕಳಿಸಿದ ಹೋಳುಗಳಲ್ಲಿ ವಾಲ್ವಿನ ದೋಷವೂ ಕಂಡಿತು, ಕೆತ್ತಿದ ಗೆರೆಯಲ್ಲಿ ಹಿಡಿದ ಸೀಳೂ ಕಂಡಿತು. ಕಂಪನಿ, ಅಂಗಡಿ ಇಬ್ಬರೂ ಸೇರಿ ಪರಿಹಾರ ಕೊಡಬೇಕೆಂದಾಯಿತು. ಬಳಸಿದವರದಾಗಲಿ ಕೊಂಡವರದಾಗಲಿ ತಪ್ಪಿಲ್ಲ ಎಂಬ ಸಾಲನ್ನು ರಂಜನಾ ಓದಿ ಹೇಳಿದಾಗ ಪದ್ಮವ್ವ, "ಹಂಗಾರ ಇಷ್ಟ ದಿನಾ ನಾವಿಬ್ಬರೂ ಯಾರ ತಪ್ಪ ಹೊತಗೊಂಡ ತಿರಗಿದ್ವಿ?" ಎಂದು ಕೇಳಿದಳಂತೆ.

ಆದರೆ ಅದೆಲ್ಲ ಆಮೇಲಿನದು. ಆ ದಿನ ಆಯೋಗದಿಂದ ಹೊರಬಿದ್ದಾಗ ಗೆದ್ದೆವೋ ಸೋತೆವೋ ಅಣ್ಣ ತಂಗಿ ಇಬ್ಬರಿಗೂ ಗೊತ್ತಿರಲಿಲ್ಲ. ಅರಿವೆ ಅಂಗಡಿಯ ಮಾಲಕರು ಕರೆದಿದ್ದರಿಂದ ರಂಜನಾ ಮುಂಚಿನ ಬಸ್ಸಿಗೆ ಬನಹಟ್ಟಿಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಆ ತುದಿಗೊಬ್ಬರು, ಈ ತುದಿಗೊಬ್ಬರು ಕುಳಿತರು. ಮಾಳಪ್ಪ ನೆಲ ನೋಡುತ್ತಲೇ ಮಾತು ತೆಗೆದ.

"ಪದ್ದಿ, ಕೇಸ ಗೆದ್ರ ಬೆರಳ ನೆಟ್ಟಗ ಆಗತಾವೇನು?"

"ಇಲ್ಲಂತ. ಆಪರೇಷನ್ ಮಾಡಿಸಿದ್ರ ಒಂದೀಟ ಆಗಬಹುದಂತ."

"ರೊಟ್ಟಿ ಬಡೀಬಹುದೇನು?"

"ಯಾರಿಗಿ ಗೊತ್ತಣ್ಣಾ."

ಮಾಳಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ತುಂಬ ಹೊತ್ತು ಒರೆಸಿಕೊಂಡ. ಅಷ್ಟರಲ್ಲಿ ಒಂದು ಬಸ್ಸು ಬಂತು, ಮಂದಿ ಬಾಗಿಲಿಗೆ ಮುಗಿಬಿದ್ದರು. ಅವನು ಎದ್ದು ಓಡಿ, ಕಿಟಕಿಯಿಂದ ಟವೆಲ್ ಒಳಗೆ ಎಸೆದು ಸೀಟು ಹಿಡಿದ. ಗದ್ದಲದಲ್ಲಿ ದಾರಿ ಮಾಡಿಕೊಂಡು ತಂಗಿಯ ರಟ್ಟೆ ಹಿಡಿದು ಹತ್ತಿಸಿದ. ಬಲಗೈ ಯಾರಿಗೂ ತಗಲದಂತೆ ಅವಳನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿದ. ಬಸ್ಸು ನವನಗರ ದಾಟಿದ ಮೇಲೆ ಪದ್ಮವ್ವನಿಗೆ ಅನುಮಾನ ಬಂತು. ತನ್ನೂರಿನ ಕಡೆಗೆ, ಬೀಳಗಿಯ ಮೇಲೆ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಇಷ್ಟು ಲೋಕಾಪುರದ ಮಂದಿ ಯಾಕಿದ್ದಾರೆ?

"ಯಣ್ಣಾ, ಇದು ಮುಧೋಳ ಬಸ್ಸಲ್ಲೇನ?"

"ಹೌದು."

"ಮತ್ತ ನಮ್ಮೂರಿಗಿ?"

"ನಿಮ್ಮೂರಿಗಿ ಯಾರ ಹೊಂಟಾರ?" ಎಂದ ಮಾಳಪ್ಪ, ಕಂಡಕ್ಟರನಿಗೆ ಎರಡು ಬೆರಳು ತೋರಿಸಿ, ಬೆಳಗಲಿಗೆ ಹೋಗುವವರು ಎಲ್ಲಿ ಇಳಿಯಬೇಕೆಂದು ಗೊತ್ತಿದ್ದರೂ ಜೋರಾಗಿ ಕೇಳಿದ.